ಕಣ್ಣಿನ ಪಾಠಕ್ಕೆ ಬಣ್ಣದ ಪೆಟ್ಟಿಗೆ ಏಕೆ?



ಕಳೆದ ವಾರ ಮೊಮ್ಮಗಳು ಶಾಲೆಯಿಂದ ಅಚ್ಚಾದ ಹಾಳೆಯೊಂದನ್ನು ತಂದು ತೋರಿಸಿದಳು. ಮಾನವನ ಕಣ್ಣಿನ ಚಿತ್ರ. ಕಾರ್ನಿಯಾಕ್ಕೆ ನೀಲಿ, ಮಸೂರಕ್ಕೆ ಹಳದಿ, ಪಾಪೆಗೆ ಕಪ್ಪು. ಗೆರೆ ದಾಟದಂತೆ ತುಂಬಿದ್ದಕ್ಕೆ ನಕ್ಷತ್ರವೊಂದು ದೊರೆತಿತ್ತು. "ಪಾಪೆ ಅಂದ್ರ ಏನವಾ?" ಎಂದೆ. "ಕರೇದು ಇರ್ತದಲ್ಲ ಅಜ್ಜಾ, ಅದು" ಎಂದಳು.

ಪಾಪೆಯು ವಸ್ತುವಲ್ಲ, ರಂಧ್ರ. ಒಳಹೊಕ್ಕ ಬೆಳಕು ಬಹುಪಾಲು ಹಿಂದಿರುಗದ ಕಾರಣ ಕಪ್ಪಾಗಿ ಕಾಣುತ್ತದೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ. ಪಾರದರ್ಶಕವಾಗಿರುವುದೇ ಅದರ ಧರ್ಮ. ಮಸೂರವು ಮಬ್ಬಾಗಿ ಬಣ್ಣಗಟ್ಟಿದರೆ ಅದಕ್ಕೆ ಪೊರೆ ಎನ್ನುತ್ತೇವೆ. ಡಾ. ಎಂ. ಸಿ. ಮೋದಿಯವರು ಊರೂರು ಅಲೆದು, ಶಿಬಿರ ಹೂಡಿ ತೆಗೆದದ್ದು ಅದನ್ನೇ! ಎದ್ದು ಕಾಣುವ ಬಣ್ಣವಿರುವುದು ಐರಿಸ್‌ಗೆ. ಅದೂ ಮೆಲನಿನ್‌ನ ಪ್ರಮಾಣವನ್ನು ಅವಲಂಬಿಸಿ.

ಬಣ್ಣ ಹಚ್ಚಿದರೆ ಹೆಸರುಗಳು ನೆನಪಿನಲ್ಲಿ ಉಳಿಯುತ್ತವೆ ಎಂದು ವಾದಿಸುವ ಶಿಕ್ಷಕ ಮಿತ್ರರಿದ್ದಾರೆ. ಉಳಿಯುತ್ತವೆ, ಒಪ್ಪುತ್ತೇನೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ ನಾನೂ ಬಣ್ಣದ ಸೀಮೆಸುಣ್ಣ ಹಿಡಿದವನೇ. ಆದುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಿರೇಕೆರೂರು ತಾಲ್ಲೂಕಿನಲ್ಲಿದ್ದಾಗ ಹುಡುಗನೊಬ್ಬ ಐರಿಸ್‌ಗೆ ಕಂದು ಬಣ್ಣದ ಬದಲು ಹಸಿರು ಹಚ್ಚಿ ತಂದ. "ನಿಮ್ಮ ಮನೆಯಾಗ ಯಾರ ಕಣ್ಣು ಹಸಿರು ಅದಾವಲೇ?" ಎಂದೆ. ತರಗತಿ ನಕ್ಕಿತು. ಮುಂದಿನ ಚಿತ್ರದಲ್ಲಿಯೂ ಹಾಗೆಯೇ ಮಾಡಿದಾಗ ಉದ್ಧಟತನವೆಂದು ಭಾವಿಸಿ ಎರಡು ಅಂಕ ಕಳೆದೆ. ಅವನೇನೂ ಮಾತನಾಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದು, ರೈಲ್ವೆ ನೌಕರಿಯ ವೈದ್ಯಕೀಯ ಪರೀಕ್ಷೆಯಲ್ಲಿ ವರ್ಣಾಂಧತೆಯ ಕಾರಣದಿಂದ ತಾನು ಅನರ್ಹನಾದೆನೆಂದು ತಿಳಿಸಿದ. ಶಂಕುಕೋಶಗಳ ಪಾಠವನ್ನು ಅವನಿಗೆ ಹೇಳಿಕೊಟ್ಟವನು ನಾನೇ! ತಾಯಿಯಿಂದ ಬರುವ ಈ ದೋಷ ಗಂಡುಮಕ್ಕಳಲ್ಲೇ ಹೆಚ್ಚು. ದೊಡ್ಡ ತರಗತಿಯಲ್ಲಿ ಅಂಥವನೊಬ್ಬ ಇದ್ದರೆ ಆಶ್ಚರ್ಯವಿಲ್ಲ. ಬಣ್ಣದ ಹಾಳೆಯೇ ಅದನ್ನು ನನಗೆ ತೋರಿಸಿತ್ತು, ನಾನು ನೋಡಲಿಲ್ಲ.

ಖರ್ಚಿಲ್ಲದ ದಾರಿಗಳಿವೆ. ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಒಬ್ಬನ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿಸಿ, ಥಟ್ಟನೆ ತೆಗೆಸಿರಿ. ಪಾಪೆ ಕಿರಿದಾಗುವುದನ್ನು ಕಂಡ ಮಗು ಅದನ್ನು ಮರೆಯದು. ಕತ್ತಲೆಯ ಕೋಣೆಯ ಕಿಟಕಿಗೆದುರಾಗಿ ಭೂತಗನ್ನಡಿ ಹಿಡಿದು, ಹಿಂದೆ ಬಿಳಿ ಹಾಳೆ ಇಡಿರಿ. ಸವಣೂರಿನಲ್ಲಿ ಹೊರಗಿನ ಬೇವಿನ ಮರ ತಲೆಕೆಳಗಾಗಿ ಹಾಳೆಯ ಮೇಲೆ ಅಲುಗಾಡಿದಾಗ ಮಕ್ಕಳು ಬೆಂಚು ಹತ್ತಿ ನಿಂತಿದ್ದರು.

ನಿಮ್ಮಲ್ಲಿ ಶಿಕ್ಷಕರಾದವರು ಆ ಹಾಳೆಯನ್ನು ಹಂಚಲೇಬೇಕೆಂದಿದ್ದರೆ, ಐರಿಸ್ ಒಂದನ್ನೇ ಬಣ್ಣಕ್ಕೆ ಬಿಡಿರಿ. ಅದೂ ಪಕ್ಕದವನ ಕಣ್ಣು ನೋಡಿಕೊಂಡು. ಹಸಿರು ಹಚ್ಚಿದವನನ್ನು ಬಯ್ಯದೆ, ಹತ್ತಿರ ಕರೆದು ಮಾತನಾಡಿಸಿರಿ.