ಶಾಲು ಹೊದಿಸಿದರೆ ತೀರದ ಋಣ

ನಿವೃತ್ತ ಮಾಸ್ತರರನ್ನು ಸನ್ಮಾನಿಸುವ ಪದ್ಧತಿ ನಮ್ಮ ಮಲೆನಾಡಿನ ಊರುಗಳಲ್ಲಿ ಚೆನ್ನಾಗಿಯೇ ಬೇರೂರಿದೆ. ಶಾಲೆಯ ವಾರ್ಷಿಕೋತ್ಸವದಂದು ಶಾಲು, ಹಾರ, ಫಲತಾಂಬೂಲ, ಸನ್ಮಾನಪತ್ರ ಎಲ್ಲವೂ ಸಲ್ಲುತ್ತವೆ. ಸಲ್ಲಬೇಕಾದದ್ದೇ. ಆದರೆ ಆ ಗುರುಗಳು ಬದುಕಿನುದ್ದಕ್ಕೂ ಮಾಡಿದ ಕೆಲಸವನ್ನು ಮರುದಿನದಿಂದ ಹೊತ್ತು ನಡೆಸುವವರು ಯಾರು? ವೇದಿಕೆಯ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇರಳದ ಪ್ರೊ. ಎಂ.ಕೆ. ಪ್ರಸಾದರನ್ನು ನೆನೆದಾಗ ಈ ಪ್ರಶ್ನೆ ಇನ್ನಷ್ಟು ಕಾಡುತ್ತದೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನ ಪ್ರಾಂಶುಪಾಲರೂ ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಹಕುಲಪತಿಗಳೂ ಆಗಿ ದುಡಿದರು. 2022ರ ಜನವರಿ 17ರಂದು, 89ನೆಯ ವಯಸ್ಸಿನಲ್ಲಿ, ಕೊಚ್ಚಿಯಲ್ಲಿ ತೀರಿಕೊಂಡರು. ಹುದ್ದೆಗಳಿಂದ ನಿವೃತ್ತರಾದ ಮೇಲೂ ಅವರ ಪಾಠ ನಿಲ್ಲಲಿಲ್ಲ.

ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ನಮ್ಮದೇ ಸಹ್ಯಾದ್ರಿಯ ದಕ್ಷಿಣದ ಕಾಡು. ಅಲ್ಲಿ ಹರಿಯುವ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ದೊರೆತಿತ್ತು. ಸುಮಾರು 830 ಹೆಕ್ಟೇರ್ ಪ್ರದೇಶ ಮುಳುಗಲಿತ್ತು. ರಾಜ್ಯದ ಮುಖ್ಯ ಪಕ್ಷಗಳೆಲ್ಲ ಯೋಜನೆಯ ಪರವಾಗಿದ್ದ ಕಾಲದಲ್ಲಿ ಮಲಯಾಳಂನಲ್ಲಿ ಲೇಖನ ಬರೆದು ಎಚ್ಚರಿಸಿದ ಮೊದಲಿಗರಲ್ಲಿ ಪ್ರಸಾದರೂ ಒಬ್ಬರು. ಮನುಷ್ಯರಿಗೆ ಬೆಳಕು ಬೇಕೋ, ಕೋತಿಗಳಿಗೆ ಕಾಡು ಬೇಕೋ ಎಂಬ ಕುಹಕವನ್ನು ಆ ಚಳವಳಿ ಎದುರಿಸಬೇಕಾಯಿತು. ಆ ‘ಕೋತಿ’ ಬೇರೆ ಯಾವುದೂ ಅಲ್ಲ, ನಮ್ಮ ಅಘನಾಶಿನಿ ಕಣಿವೆಯಲ್ಲೂ ಬದುಕಿರುವ ಸಿಂಗಳೀಕ.

ಕುಹಕಕ್ಕೆ ಅವರು ಕೊಟ್ಟ ಉತ್ತರ ಗಮನಾರ್ಹ. 1979ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಪರವಾಗಿ ಪ್ರಸಾದರೂ ಸೇರಿ ಐವರು ಒಂದು ವರದಿ ಸಿದ್ಧಪಡಿಸಿದರು. ಸಸ್ಯಶಾಸ್ತ್ರ, ಎಂಜಿನಿಯರಿಂಗ್, ಕೃಷಿ, ಅರ್ಥಶಾಸ್ತ್ರ ಬಲ್ಲವರು ಜೊತೆಗೆ ಕುಳಿತು ವಿದ್ಯುತ್ತೆಷ್ಟು, ನೀರಾವರಿಯೆಷ್ಟು, ಬದಲಿ ದಾರಿಯೇನು ಎಂದು ಲೆಕ್ಕ ಹಾಕಿದರು. ಆ ಲೆಕ್ಕವನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಜನರ ಭಾಷೆಯಲ್ಲಿ ಊರೂರಿಗೆ ಒಯ್ದರು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಇದು ಒಬ್ಬರ ಗೆಲುವಲ್ಲ. ಕವಿಗಳು, ವಿಜ್ಞಾನಿಗಳು, ಶಾಲಾ ಮಾಸ್ತರರು ಎಲ್ಲರೂ ದುಡಿದಿದ್ದರು.

ಪ್ರಸಾದರು ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದ ಈ ಪರಿಷತ್ತು ಕಾಡನ್ನು ಉಳಿಸಿ ಸುಮ್ಮನಾಗಲಿಲ್ಲ. ನಮ್ಮ ಅಸ್ತ್ರ ಒಲೆಯಂತೆ ಸೌದೆ ಉಳಿಸುವ ಒಲೆಯನ್ನು ಅಡುಗೆಮನೆಗಳಿಗೆ ಮುಟ್ಟಿಸಿತು. ಎರ್ನಾಕುಲಂ ಜಿಲ್ಲೆಯನ್ನು 1990ರಲ್ಲಿ ಪೂರ್ಣ ಸಾಕ್ಷರವಾಗಿಸಿದ ಆಂದೋಲನದಲ್ಲಿ ಮುಂದೆ ನಿಂತಿತು. ಕಾಡು, ಒಲೆ, ಅಕ್ಷರ ಮೂರೂ ಒಂದೇ ಕೆಲಸದ ಭಾಗಗಳೆಂಬ ತಿಳಿವು ಅದರ ಹಿಂದಿತ್ತು.

ನಮಗೂ ಇಂಥ ಪರಂಪರೆಯಿದೆ. 1980ರ ದಶಕದ ಆರಂಭದಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನು ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಅಳೆದು ನೋಡಿದ್ದರು. ಈಚಿನ ವರ್ಷಗಳಲ್ಲಿ ಬೇಡ್ತಿ-ವರದಾ ಜೋಡಣೆಯ ಮಾತು, ಶರಾವತಿ ಕಣಿವೆಯ ಭೂಗತ ವಿದ್ಯುದಾಗಾರದ ಮಾತು ಎದ್ದಿವೆ. ಪರವಾಗಿ ಕೂಗುವವರಿದ್ದಾರೆ, ವಿರೋಧವಾಗಿ ಕೂಗುವವರೂ ಇದ್ದಾರೆ. ಕುಳಿತು ಲೆಕ್ಕ ಹಾಕುವವರು ಮಾತ್ರ ಕಡಿಮೆಯಾಗಿದ್ದಾರೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಅರಿಕೆ. ನಿಮ್ಮೂರಿನ ಹಿರಿಯ ಮಾಸ್ತರರ ಮನೆಗೆ ಹೋಗಿ. ಬತ್ತಿದ ಹಳ್ಳ ಮೊದಲು ಯಾವ ತಿಂಗಳವರೆಗೆ ಹರಿಯುತ್ತಿತ್ತು, ಬೆಟ್ಟದಲ್ಲಿ ಯಾವ ಮರಗಳಿದ್ದವು, ಬಾವಿಯ ನೀರು ಎಷ್ಟು ಆಳದಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ. ಇಂದಿನ ಸ್ಥಿತಿಯನ್ನು ನೀವೇ ಅಳೆದು ಅದರ ಪಕ್ಕದಲ್ಲಿ ಬರೆಯಿರಿ. ಗ್ರಾಮಸಭೆಯಲ್ಲಿ ಅದನ್ನು ಓದಿರಿ. ಗ್ರಾಮಸ್ಥರೇ, ಮಕ್ಕಳು ಓದುವಾಗ ಎದ್ದು ಹೋಗಬೇಡಿ.

ಶಾಲನ್ನು ಆ ಮೇಲೆ ಹೊದಿಸೋಣ. ಆಗ ಅದಕ್ಕೊಂದು ಅರ್ಥ ಬಂದೀತು.