ಮನೆಯ ಲೆಕ್ಕ, ಮತದ ಲೆಕ್ಕ

ದಿನದ ಖರ್ಚನ್ನು ಆಯಾ ದಿನವೇ ಬರೆದಿಡುವ ಗೃಹಿಣಿಯು ತಿಂಗಳ ಕೊನೆಯಲ್ಲಿ ಯಾರ ಪ್ರಶ್ನೆಗೂ ಅಂಜಬೇಕಾದುದಿಲ್ಲ. ರಾಜ್ಯದ ವ್ಯವಹಾರಕ್ಕೂ ಇದೇ ನ್ಯಾಯವು ಸಲ್ಲುವುದೆಂಬುದಕ್ಕೆ ನಿದರ್ಶನವಾಗಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೆನೆಟ್ ಸಭೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕುಳಿತಿದ್ದ ಮಾರ್ಗರೆಟ್ ಚೇಸ್ ಸ್ಮಿತ್ ಎಂಬ ಮಹಿಳೆಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಇವರು 1897ರಲ್ಲಿ ಮೇನ್ ಸಂಸ್ಥಾನದ ಸ್ಕೌಹೀಗನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯು ಕ್ಷೌರಿಕರು. ಪತಿಯಾದ ಕ್ಲೈಡ್ ಸ್ಮಿತ್ ಅವರು ಪ್ರತಿನಿಧಿ ಸಭೆಯ ಸದಸ್ಯರಾಗಿದ್ದು 1940ರಲ್ಲಿ ತೀರಿಕೊಳ್ಳಲು, ಆ ಸ್ಥಾನಕ್ಕೆ ಇವರೇ ಆರಿಸಿ ಬಂದರು. ಗಂಡನ ಹೆಸರಿನಿಂದ ದೊರೆತ ಪದವಿಯೆಂದು ಹೇಳುವುದು ಸುಲಭ. ಆದರೆ 1948ರಲ್ಲಿ ಗೆದ್ದ ಸೆನೆಟ್ ಸ್ಥಾನವು ಗಂಡನು ಬಿಟ್ಟುಹೋದುದಲ್ಲ. ಆರಾರು ವರ್ಷಕ್ಕೊಮ್ಮೆ, 1954, 1960 ಮತ್ತು 1966ರಲ್ಲಿ, ಜನರು ಇವರನ್ನೇ ಮರಳಿ ಆರಿಸಿದರು. 1960ರಲ್ಲಿ ಇದಿರು ನಿಂತವರೂ ಒಬ್ಬ ಮಹಿಳೆಯೇ, ಲೂಸಿಯಾ ಕಾರ್ಮಿಯರ್.

ಸೆನೆಟಿನಲ್ಲಿ ಹೆಸರು ಕೂಗಿ ಮತ ಕೇಳುವ ಪದ್ಧತಿಯುಂಟು. ಯಾರು ಯಾವ ಪಕ್ಕಕ್ಕೆ ಮತವಿತ್ತರು, ಯಾರು ಬಾರದೆ ಉಳಿದರು ಎಂಬುದೆಲ್ಲವೂ ದಾಖಲೆಯಾಗುವುದು. 1955ರಿಂದ 1968ರವರೆಗೆ ಇವರು ಒಂದನ್ನೂ ತಪ್ಪಿಸದೆ 2,941 ಸಲ ಸಾಲಾಗಿ ಮತವಿತ್ತರು. ಆ ಸಾಲು ಮುರಿದುದು ಶಸ್ತ್ರಚಿಕಿತ್ಸೆಗಾಗಿ ಮಲಗಬೇಕಾಗಿ ಬಂದಾಗಲೇ.

ಆದರೆ ಹಾಜರಿಯೊಂದೇ ಹೊಣೆಗಾರಿಕೆಯಲ್ಲ. ಮೌನವಾಗಿದ್ದರೆ ಕ್ಷೇಮವೆನಿಸುವ ಹೊತ್ತಿನಲ್ಲಿ ಮಾತನಾಡಿದುದೂ ಲೆಕ್ಕಕ್ಕೆ ಸೇರಬೇಕು. 1950ರಲ್ಲಿ ಇವರ ಪಕ್ಷದವರೇ ಆದ ಜೋಸೆಫ್ ಮೆಕಾರ್ಥಿಯವರು ಸಾಕ್ಷ್ಯವಿಲ್ಲದೆ ಹಲವರ ಮೇಲೆ ಕಮ್ಯೂನಿಸ್ಟರೆಂಬ ಅಪವಾದವನ್ನು ಹೊರಿಸುತ್ತಿದ್ದರು. ಅಂಜಿಕೆಯಿಂದ ಅನೇಕರು ಸುಮ್ಮನಿದ್ದರು. ಜೂನ್ 1ರಂದು ಈ ಮಹಿಳೆಯು ಸಭೆಯಲ್ಲಿ ಎದ್ದು ನಿಂತು, ಆತನ ಹೆಸರೆತ್ತದೆಯೇ ಆ ನಡತೆಯನ್ನು ಖಂಡಿಸಿದರು. ಸ್ವಪಕ್ಷದ ಆರು ಮಂದಿ ಮಾತ್ರ ಇವರ ಹೇಳಿಕೆಗೆ ಜೊತೆಗೂಡಿದರು. 1954ರಲ್ಲಿ ಪಕ್ಷದೊಳಗಿನ ಆಯ್ಕೆಯಲ್ಲಿ ಮೆಕಾರ್ಥಿಯವರ ಬೆಂಬಲ ಪಡೆದವರೊಬ್ಬರು ಇವರ ಮೇಲೆ ಸ್ಪರ್ಧಿಸಿ ಸೋತರು. ಅದೇ ವರ್ಷದ ಡಿಸೆಂಬರಿನಲ್ಲಿ ಸೆನೆಟ್ ಸಭೆಯು 67 ಮತಗಳಿಗೆ 22ರಂತೆ ಮೆಕಾರ್ಥಿಯವರನ್ನು ಖಂಡಿಸಿತು.

ಇಷ್ಟಾದರೂ 1972ರಲ್ಲಿ ಇವರು ವಿಲಿಯಂ ಹ್ಯಾಥವೇ ಅವರಿಗೆ ಸೋತರು. ವಯಸ್ಸಾಯಿತೆಂದೂ ಸ್ವಂತ ಸಂಸ್ಥಾನದಲ್ಲಿ ಒಂದು ಕಚೇರಿಯನ್ನೂ ಇಟ್ಟಿಲ್ಲವೆಂದೂ ಆಕ್ಷೇಪಗಳಿದ್ದವು. ದೂರದ ಸಭೆಯಲ್ಲಿ ಒಂದು ದಿನವೂ ತಪ್ಪದವರು ಊರಿನವರ ಕೈಗೆ ಸಿಕ್ಕುವರೇ ಎಂದು ಕೇಳುವ ಹಕ್ಕು ಊರಿನವರಿಗೆ ಇದ್ದೇ ಇದೆ. ಹಳೆಯ ಕೀರ್ತಿಯು ಹೊಸ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಇದನ್ನು ನಾವು ಕಠೋರವೆನ್ನಲಾರೆವು. ಬರೆದಿಡುವುದು ಪ್ರತಿನಿಧಿಯ ಧರ್ಮ, ಓದಿ ನೋಡುವುದು ಮತದಾರರ ಧರ್ಮ. ಮತ ಕೇಳಲು ಬಾಗಿಲಿಗೆ ಬಂದವರನ್ನು ನಮ್ಮ ಸೋದರಿಯರು ಮುಂದೆ ಏನು ಮಾಡುವಿರೆಂದು ಕೇಳುವುದಕ್ಕೆ ಮೊದಲು, ಇದುವರೆಗೆ ಎಲ್ಲಿದ್ದಿರಿ, ಯಾವುದಕ್ಕೆ ಕೈಯೆತ್ತಿದಿರಿ ಎಂದು ಕೇಳಲಿ. ಕೇಳುವವರಿಲ್ಲದ ಮನೆಯಲ್ಲಿ ಲೆಕ್ಕ ಬರೆಯುವವರೂ ಇರುವುದಿಲ್ಲ.