ನೂರು ಮೀಟರಿನ ಗೆರೆ

ಪುಣೆಯ ಶನಿವಾರವಾಡೆ 1828ರ ಬೆಂಕಿಯಲ್ಲಿ ಸುಟ್ಟಿತು. ಒಂದನೆಯ ಬಾಜೀರಾಯ ಕಟ್ಟಿಸಿದ ಆ ಅರಮನೆಯಲ್ಲಿ ಈಗ ಉಳಿದಿರುವುದು ಕೋಟೆಗೋಡೆ, ಬಾಗಿಲುಗಳು ಮತ್ತು ಅಡಿಪಾಯ. ಇಷ್ಟನ್ನು ಕಾಯುತ್ತಿರುವುದು ಒಂದು ಗೆರೆ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕೂಡದು. 1992ರಲ್ಲಿ ಅಧಿಸೂಚನೆಯಾಗಿ ಬಂದ ಈ ನಿಯಮ 2010ರ ತಿದ್ದುಪಡಿಯಲ್ಲಿ ಬಿಗಿಯಾಯಿತು.

ಗೆರೆಯೊಳಗೆ ಮನುಷ್ಯರೂ ಇದ್ದಾರೆ. ಸುತ್ತಲಿನ ಪೇಠೆಗಳಲ್ಲಿ ಮರದ ತೊಲೆಯ ಹಳೆಯ ವಾಡೆಗಳಿವೆ. ಮಳೆಗಾಲ ಬಂತೆಂದರೆ ಪಾಲಿಕೆ ಅಪಾಯದ ಮನೆಗಳಿಗೆ ನೋಟಿಸ್ ಕೊಡುತ್ತದೆ. 1992ರ ಜೂನ್ 16ಕ್ಕೆ ಮುಂಚಿನ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು, ಕೆಡವಿ ಹೊಸದಾಗಿ ಕಟ್ಟುವಂತಿಲ್ಲ. ತೊಲೆಗಳೇ ಗೆದ್ದಲು ಹಿಡಿದಿರುವಾಗ ದುರಸ್ತಿ ಮಾಡುವುದು ಯಾವುದನ್ನು? ಹಾಗೆಂದು ಪ್ರತಿ ಕುಸಿತಕ್ಕೂ ಈ ಕಾನೂನನ್ನೇ ದೂರಲಾಗದು. ಮಾಲೀಕ-ಬಾಡಿಗೆದಾರರ ತಲೆಮಾರಿನ ಜಗಳದಲ್ಲಿ ಕೊಳೆಯುತ್ತಿರುವ ವಾಡೆಗಳು ಗೆರೆಯಾಚೆಯೂ ಇವೆ.

ಗೆರೆ ಇಲ್ಲದಿದ್ದರೆ? ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರವನ್ನು ನೋಡಿ. ರಾಷ್ಟ್ರಕೂಟರ ಕಾಲದಲ್ಲಿ ಒಂದೇ ಕಪ್ಪುಬಂಡೆಯನ್ನು ಕೊರೆದು ಮಾಡಿದ ಗುಹಾಲಯ ಅದು, ಮುಂದೆ ದುಂಡನೆಯ ನಂದಿಮಂಟಪ. ನಗರದ ದುಬಾರಿ ನೆಲ ಅದರ ಸುತ್ತಲೇ ಇದೆ. ಪಕ್ಕದಲ್ಲಿ ಎರಡು ಅಂತಸ್ತಿನ ನೆಲಮಾಳಿಗೆ ಅಗೆದರೆ ಬಂಡೆಯ ಸೀಳುಗಳಲ್ಲಿ ನೀರು ದಾರಿ ಬದಲಿಸಬಹುದು. ಬ್ರೇಕರಿನ ಕಂಪನವಂತೂ ತಪ್ಪದು. ಬಂಡೆ ಒಮ್ಮೆ ಬಿರಿದರೆ ಮರಳಿ ಕೂಡಿಸಲಾಗದು.

ಆದರೆ ಅಪಾಯವನ್ನು ತಡೆದಾಗ ಅದು ಇನ್ನೊಂದು ಕಡೆಗೆ ಸರಿಯುವುದೂ ಉಂಟು. ಗಾಂಧೀಜಿಯನ್ನು 1942ರಿಂದ ಸೆರೆಯಿಟ್ಟಿದ್ದ, ಕಸ್ತೂರಬಾ ಕೊನೆಯುಸಿರೆಳೆದ ಆಗಾ ಖಾನ್ ಅರಮನೆಯ ಮುಂದೆ ಮೆಟ್ರೊ ಹೋಗಬೇಕಿತ್ತು. ನಿಯಮ ಅಡ್ಡ ಬಂದು ಮಾರ್ಗ ಕಲ್ಯಾಣಿನಗರದತ್ತ ತಿರುಗಿತು. ಅಲ್ಲಿ ನದಿಯಂಚಿನ ಹಕ್ಕಿಗಳ ನೆಲೆಗೆ ಧಕ್ಕೆಯಾಗುತ್ತದೆಂದು ಪರಿಸರಪ್ರಿಯರು ವಿರೋಧಿಸಿದರು. ನಮ್ಮ ಹಂಪಿಯಲ್ಲೂ ಹೀಗೇ ಆಗಿತ್ತು. ಆನೆಗೊಂದಿ ಸೇತುವೆಯ ಕಾರಣಕ್ಕೆ 1999ರಲ್ಲಿ ಅದು ಯುನೆಸ್ಕೊದ ಅಪಾಯದ ಪಟ್ಟಿ ಸೇರಿತು, ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದವರು ಸೇತುವೆಗಾಗಿ ಕಾದರು.

ಅಪಾಯವನ್ನು ಬರೀ ದೂರದಿಂದ ಅಳೆಯುವುದು ಒರಟು ಲೆಕ್ಕ. ಎಷ್ಟು ಆಳ ಅಗೆಯುತ್ತಾರೆ, ಎಷ್ಟು ಎತ್ತರ ಏರಿಸುತ್ತಾರೆ, ನೀರು ಎತ್ತ ಹರಿಯುತ್ತದೆ, ಜನ ಎಷ್ಟು ಸೇರುತ್ತಾರೆ ಎಂಬುದು ಒಂದೊಂದು ಸ್ಮಾರಕಕ್ಕೂ ಬೇರೆ. ಪ್ರತಿ ಸ್ಮಾರಕಕ್ಕೆ ಪ್ರತ್ಯೇಕ ಉಪನಿಯಮ ಬರೆಯಬೇಕೆಂದು 2010ರ ಕಾನೂನೇ ಹೇಳಿದೆ. ನನ್ನ ಮಟ್ಟಿಗೆ, ಗೋಪುರಕ್ಕೂ ನೆಲಮಾಳಿಗೆಗೂ ಗೆರೆ ಹಾಗೇ ಇರಲಿ. ಇದ್ದ ಜಾಗದಲ್ಲಿ, ಇದ್ದ ಎತ್ತರಕ್ಕೆ ವಾಡೆಯನ್ನು ಮತ್ತೆ ಕಟ್ಟಲು ಬಿಡಲಿ. ನಕ್ಷೆಯಲ್ಲಿ ಎರಡು ಮಹಡಿ ತೋರಿಸಿ ಮೂರು ಏರಿಸುವುದು ಹೊಸದೇನಲ್ಲ ಎಂಬ ಆಕ್ಷೇಪ ನಿಜ, ಅದಕ್ಕೆ ನನ್ನಲ್ಲಿ ಗಟ್ಟಿ ಉತ್ತರವೂ ಇಲ್ಲ. ಆದರೆ 2017ರ ತಿದ್ದುಪಡಿ ಮಸೂದೆ ನಿಷೇಧಿತ ವಲಯದಲ್ಲಿ ಸಡಿಲಿಕೆ ಕೇಳಿದ್ದು ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಮಾತ್ರ, ವಾಡೆಯವರಿಗಲ್ಲ.